ಚಾಲಕನ ಸೀಟಿಲ್ಲದ ಕಾರು

ನನ್ನ ಗಂಡ ಮಾಡಿದ ಕಾರಿನಲ್ಲಿ ಚಾಲಕನ ಸೀಟು ಇರಲಿಲ್ಲ. ಮೂಡುಬಿದಿರೆಯ ಒಂದು ಕಾಲೇಜು ಮೈದಾನದಲ್ಲಿ ಅದನ್ನು ಪ್ರದರ್ಶನಕ್ಕೆ ಇಟ್ಟ ದಿನ ಬಂದವರೆಲ್ಲ ಗಾಜಿಗೆ ಮುಖ ಒತ್ತಿ ಒಳಗೆ ನೋಡಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಸೀಟ್ ಎಲ್ಲಿ ಸರ್? ಇನ್ನೂ ಹಾಕ್ಲಿಲ್ವಾ?" ನನ್ನ ಗಂಡ ಉತ್ತರ ಕೊಡದೆ ನಗುತ್ತಾ ನಿಂತಿದ್ದರು. ಅವರಿಗೆ ಜನರನ್ನು ಕಾಯಿಸುವುದೆಂದರೆ ಇಷ್ಟ. ನನಗೆ ಕಾಯುವುದೆಂದರೆ ಮೈ ಉರಿಯುತ್ತದೆ. ಕೊನೆಗೆ ನಾನೇ ಹೋಗಿ ಮಾವಿನ ಮರದ ನೆರಳಲ್ಲಿ ಕೂತಿದ್ದ ನನ್ನ ತಂಗಿಗೆ, "ನೀನು ಬಾ ಮಾರಾಯ್ತಿ, ಇವರದ್ದು ನಾಟಕ ಮುಗಿಯುವುದಿಲ್ಲ" ಎಂದೆ.

ತಂಗಿ ತನ್ನ ಮೋಟಾರು ಗಾಲಿಕುರ್ಚಿಯಲ್ಲಿ ಮೈದಾನ ದಾಟಿ ಬಂದಳು. ಕಾರಿನ ಹಿಂಬಾಗಿಲು ಮೇಲಕ್ಕೆದ್ದು, ಅದರಡಿಯಿಂದ ಒಂದು ಹಲಗೆ ಇಳಿಜಾರಾಗಿ ನೆಲಕ್ಕೆ ಬಂತು. ಅವಳು ಕುರ್ಚಿಯ ಸಮೇತ ಹಲಗೆ ಹತ್ತಿ, ಕಾರಿನೊಳಗೆ ನೇರವಾಗಿ ಮುಂದಿನ ಗಾಜಿನ ತನಕ ಹೋದಳು. ಕುರ್ಚಿಯ ಗಾಲಿಗಳನ್ನು ನೆಲದ ಎರಡು ಕೊಕ್ಕೆಗಳು ಹಿಡಿದುಕೊಂಡ ಸದ್ದು ಹೊರಗೆ ನಿಂತ ನನಗೂ ಕೇಳಿಸಿತು. ಅಲ್ಲಿ ಸ್ಟಿಯರಿಂಗ್ ಇರಲಿಲ್ಲ, ಸ್ಕೂಟರಿಗೆ ಇರುವಂಥ ಹ್ಯಾಂಡಲ್ ಇತ್ತು. ಅವಳು ಅದನ್ನು ತಿರುವಿದಳು. ಕಾರು ಸದ್ದಿಲ್ಲದೆ ಹೊರಟು ಮೈದಾನಕ್ಕೆ ಒಂದು ಸುತ್ತು ಬಂತು. ಜನ ಚಪ್ಪಾಳೆ ತಟ್ಟಿದರು. ನಾನು ಅಳುವ ಜಾತಿಯವಳಲ್ಲ. ಹೈಸ್ಕೂಲಿನ ಎಷ್ಟೋ ಬ್ಯಾಚುಗಳನ್ನು ಅಳಿಸಿದ ಟೀಚರು ನಾನು. ಆ ದಿನ ಮಾತ್ರ ಅತ್ತೆ.

ತಂಗಿಯ ವಿಷಯ ಹೇಳಬೇಕು. ಅವಳು ಉಜಿರೆಗೆ ಡಿಗ್ರಿ ಓದಲು ಹೋಗುತ್ತಿದ್ದಾಗ ಖಾಸಗಿ ಬಸ್ಸಿನ ಮೆಟ್ಟಿಲಿನಿಂದ ಬಿದ್ದಳು. ಹಿಂದಿನ ಬಸ್ಸು ಓವರ್‌ಟೇಕ್ ಮಾಡಿ ಮುಂದಿನ ಸ್ಟಾಪಿನ ಜನರನ್ನು ಹತ್ತಿಸಿಕೊಳ್ಳುತ್ತದೆ ಎಂಬ ಅವಸರದಲ್ಲಿ ಡ್ರೈವರ್ ತಿರುವಿನಲ್ಲಿ ನಿಧಾನ ಮಾಡಲಿಲ್ಲ. ಸೊಂಟದ ಕೆಳಗೆ ಶಕ್ತಿ ಹೋಯಿತು. ಬಲ ಭುಜವೂ ಮೊದಲಿನಂತಾಗಲಿಲ್ಲ. ಹ್ಯಾಂಡಲ್ ಹಿಡಿಯಬಲ್ಲಳು, ಸೀಮೆಸುಣ್ಣ ಹಿಡಿಯಬಲ್ಲಳು, ಆದರೆ ಮೈಭಾರ ಊರಿ ಕುರ್ಚಿಯಿಂದ ಇನ್ನೊಂದು ಸೀಟಿಗೆ ತಾನೇ ಜರುಗಿಕೊಳ್ಳಲು ಅವಳಿಂದ ಆಗುವುದಿಲ್ಲ. ಇಷ್ಟಾದರೂ ಮನೆಯಲ್ಲೇ ಕೂತು ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿದಳು. ಬೆಳ್ತಂಗಡಿ ಕಡೆಯ ಹಳ್ಳಿಯಲ್ಲಿ ನಮ್ಮ ಸೋದರಮಾವ ಮತ್ತು ಅತ್ತೆಯ ಜೊತೆ ಇರುವುದು. ಜಗಲಿಯಲ್ಲಿ ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ಅವಳು ಸಿಟ್ಟು ಮಾಡಿದ್ದನ್ನು ಆ ಮಕ್ಕಳು ನೋಡಿಲ್ಲ. ನಮ್ಮಿಬ್ಬರ ಪಾಲಿನ ಸಿಟ್ಟೂ ನನಗೇ ಬಂದಿದೆ ಎಂದು ಮಾವ ಹೇಳುವುದುಂಟು.

ಅವಳಿಗೆ ಸಹಿಸಲಾಗದ ವಿಷಯ ಒಂದೇ, ಬೇರೆಯವರು ಅವಳನ್ನು ಎತ್ತುವುದು. ನಮ್ಮ ಕಡೆ ಜನಕ್ಕೆ ಸಹಾಯ ಮಾಡುವ ಹುಮ್ಮಸ್ಸು ಜಾಸ್ತಿ. ಮದುವೆ ಮಂಟಪದ ಮೆಟ್ಟಿಲ ಬಳಿ ಅವಳು ಕಂಡರೆ ಸಾಕು, ಪರಿಚಯ ಇರುವವರು ಇಲ್ಲದವರು ನಾಲ್ಕು ಜನ ಓಡಿ ಬಂದು, ಅವಳನ್ನು ಪ್ಲಾಸ್ಟಿಕ್ ಕುರ್ಚಿಗೆ ದಾಟಿಸಿ, ಕಾಲು ಹಿಡಿದು ಎತ್ತಿ, "ಜಾಗ ಬಿಡಿ, ಜಾಗ ಬಿಡಿ" ಎಂದು ಕೂಗುತ್ತಾ ಮೇಲೆ ತರುತ್ತಾರೆ. ಮದುಮಗಳನ್ನು ಬಿಟ್ಟು ಎಲ್ಲರೂ ಇವಳನ್ನು ನೋಡುತ್ತಾರೆ. "ದೇವರಿಗಾದ್ರೆ ವರ್ಷಕ್ಕೊಮ್ಮೆ ಪಲ್ಲಕ್ಕಿ, ನನಗೆ ಎಲ್ಲಿ ಹೋದ್ರೂ ಪಲ್ಲಕ್ಕಿ" ಎಂದು ಅವಳು ನಗುತ್ತಿದ್ದಳು. ಆಮೇಲೆ ಆಮೇಲೆ ಮದುವೆಗಳಿಗೆ ಹೋಗುವುದನ್ನೇ ಬಿಟ್ಟಳು.

ಉಜಿರೆಯ ಒಂದು ಕಾಲೇಜಿನವರು ಅವಳ ಪಾಠದ ವಿಷಯ ಕೇಳಿ ಕೆಲಸಕ್ಕೆ ಕರೆದರು. ಅವಳಿಗಾದ ಸಂತೋಷವನ್ನು ಹೇಳಿ ಮುಗಿಸಲಾಗದು. ಆಟೋದಲ್ಲಿ ಹೋಗಿ ಬರುವುದೆಂದಾಯಿತು. ಬೆಳಿಗ್ಗೆ ಮಾವ ಮತ್ತು ಆಟೋದವನು ಸೇರಿ ಎತ್ತಿ ಕೂರಿಸುವುದು, ಅಲ್ಲಿ ಆಟೋದವನು ಮತ್ತು ವಾಚ್‌ಮ್ಯಾನ್ ಸೇರಿ ಇಳಿಸುವುದು, ಸಂಜೆ ಪುನಃ ಇದೇ. ಹಲ್ಲು ಕಚ್ಚಿಕೊಂಡು ಕೆಲವು ವಾರ ಹೋದಳು. ಒಂದು ಬೆಳಿಗ್ಗೆ ಇಳಿಸುವಾಗ ಅವಳ ಸೆರಗು ಆಟೋದ ಕಂಬಿಗೆ ಸಿಕ್ಕಿ ಪಿನ್ನು ಕಿತ್ತು ಬಂತು. ಎರಡೂ ಕೈ ಗಂಡಸರ ಹೆಗಲ ಮೇಲೆ ಇದ್ದವು. ಸೆರಗು ಸರಿ ಮಾಡಿಕೊಳ್ಳಲು ಅವಳಿಗೆ ಕೈಯೇ ಇರಲಿಲ್ಲ. ಎದುರಿಗೆ ಅವಳ ಕ್ಲಾಸಿನ ಹುಡುಗ ಹುಡುಗಿಯರು ಮುಖ ಆಚೆ ತಿರುಗಿಸಿ ನಿಂತರಂತೆ. ಮರುದಿನದಿಂದ ಅವಳು ಹೋಗಲಿಲ್ಲ. ಕಾಲೇಜಿನವರು ಒಳ್ಳೆಯವರು. "ಯಾವಾಗ ನಿಮಗೆ ನೀವೇ ಬರಲಿಕ್ಕೆ ಆಗ್ತದೋ ಆಗ ಬನ್ನಿ ಮೇಡಂ, ಜಾಗ ಇಟ್ಟಿರ್ತೇವೆ" ಎಂದರು.

ಈ ಮಾತು ಕೇಳಿ ನನ್ನ ಗಂಡ ಕಾರಿನ ಕೆಲಸಕ್ಕೆ ಕೈಹಾಕಿದ್ದು. ಅವರು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಪಾಠ ಮಾಡುವವರು. ಬಿ.ಸಿ.ರೋಡ್ ಹತ್ತಿರ ಮುಚ್ಚಿಹೋಗಿದ್ದ ಗೇರುಬೀಜ ಫ್ಯಾಕ್ಟರಿಯ ಒಂದು ಶೆಡ್ ಹಿಡಿದರು. ಹಳೆಯ ವಿದ್ಯಾರ್ಥಿಗಳು ಕೆಲವರು ಜೊತೆಗೆ ಸೇರಿದರು. ಗೇರು ಸಿಪ್ಪೆಯ ಎಣ್ಣೆಯ ವಾಸನೆ ಆ ಗೋಡೆಗಳಿಂದ ಕೊನೆಯ ತನಕ ಹೋಗಲಿಲ್ಲ. ಅವರ ಅಂಗಿಗಳಿಂದಲೂ ಹೋಗಲಿಲ್ಲ. ಕರೆಂಟಿನ ಕಾರೇ ಯಾಕೆ ಎಂದು ನಾನು ಕೇಳಿದ್ದೆ. "ಇಂಜಿನ್ ಇಲ್ಲ, ಗೇರ್ ಇಲ್ಲ, ಮಧ್ಯದಲ್ಲಿ ಉಬ್ಬು ಇಲ್ಲ. ನೆಲ ಚಪ್ಪಟೆ ಮಾಡ್ಲಿಕ್ಕೆ ಆಗ್ತದೆ. ಎಷ್ಟು ತಗ್ಗಿಗೆ ತರ್ಲಿಕ್ಕೆ ಆಗ್ತದೋ ಅಷ್ಟು ತಗ್ಗಿಗೆ" ಎಂದರು. ನೆಲ ತಗ್ಗಿದ್ದರೆ ಹಲಗೆಯ ಇಳಿಜಾರು ಕಡಿಮೆ, ಕುರ್ಚಿ ತಾನೇ ಹತ್ತುತ್ತದೆ. ಇಡೀ ಕಾರು ಈ ಒಂದು ಲೆಕ್ಕದ ಮೇಲೆ ನಿಂತಿತ್ತು. ಬ್ಯಾಟರಿಯನ್ನು ತೆಳ್ಳಗಿನ ತಟ್ಟೆಯಲ್ಲಿ ಹರಡಿ ನೆಲದಡಿಗೆ ಕೂರಿಸಿದರು. ನಮ್ಮ ಮನೆಯಲ್ಲಿ ಆ ವರ್ಷಗಳಲ್ಲಿ ಊಟಕ್ಕೆ ಕೂತರೆ ಬ್ಯಾಟರಿ, ಎದ್ದರೆ ಬ್ಯಾಟರಿ. ಒಮ್ಮೆ ಸಾರಿಗೆ ಉಪ್ಪು ಹಾಕದೆ ಬಡಿಸಿ ನೋಡಿದೆ. ಅವರಿಗೆ ಗೊತ್ತೇ ಆಗಲಿಲ್ಲ.

ಮೈದಾನದ ಪ್ರದರ್ಶನದ ವಿಡಿಯೊ ಎಲ್ಲೆಲ್ಲೋ ಹೋಗಿ ಪುಣೆಯ ಒಂದು ಕಂಪನಿಯವರ ಕಣ್ಣಿಗೆ ಬಿತ್ತು. ಅವರು ಬಂದು ಶೆಡ್ ನೋಡಿದರು, ತಂಗಿಯನ್ನು ಕೂರಿಸಿ ಫೋಟೊ ತೆಗೆದರು, ಕಾರನ್ನು 'ಕಾನ್ಸೆಪ್ಟ್' ಎಂದು ಕರೆದರು. ಹಾಗೆಂದರೇನು ಎಂದು ನಾನು ಕೇಳಿದೆ. "ಆಸೆ ಅಂತ ಇಟ್ಟುಕೋ" ಎಂದರು ನನ್ನ ಗಂಡ. ಆ ಆಸೆ ಅಂಗಡಿಗೆ ಬರಬೇಕಾದರೆ ಅದನ್ನು ಎಷ್ಟೋ ಪರೀಕ್ಷೆಗಳಿಗೆ ಒಡ್ಡಬೇಕು. ಸರ್ಕಾರದ ಒಪ್ಪಿಗೆ ಸಿಗದೆ ನಂಬರ್ ಪ್ಲೇಟ್ ಇಲ್ಲ, ನಂಬರ್ ಇಲ್ಲದೆ ರಸ್ತೆಗೆ ಇಳಿಯುವಂತಿಲ್ಲ. ಹಾಗಾಗಿ ತಂಗಿ ಅದನ್ನು ಹಾಗೆಯೇ ಓಡಿಸಿಕೊಂಡು ಉಜಿರೆಗೆ ಹೋಗುವಂತಿರಲಿಲ್ಲ. ಕಂಪನಿಯವರು ಹೇಳಿದ್ದು ಇಷ್ಟು. ಈ ಕಾರಿನ ಒಂದೇ ತಗ್ಗು ನೆಲದ ಮೇಲೆ ಎರಡು ಬಗೆಯ ಕಾರು ಮಾಡುವುದು. ಒಂದರಲ್ಲಿ ಸೀಟು ಇರುತ್ತದೆ, ಅದು ಎಲ್ಲರಿಗೆ. ಇನ್ನೊಂದರಲ್ಲಿ ಸೀಟು ಇರುವುದಿಲ್ಲ, ಅದು ತಂಗಿಯಂಥವರಿಗೆ. ಸೀಟಿಲ್ಲದ ಕಾರನ್ನು ಕೊಳ್ಳುವವರು ಕಡಿಮೆ, ಅದೊಂದನ್ನೇ ಮಾಡಲು ಆಗುವುದಿಲ್ಲ. ಎಲ್ಲರ ಕಾರು ಆ ತಗ್ಗಿನ ನೆಲದಲ್ಲಿ ನಮ್ಮ ಹಳ್ಳಿ ರಸ್ತೆಗಳಲ್ಲಿ ಓಡುತ್ತದೆ ಎಂದು ಸಾಬೀತಾದರೆ ಎರಡೂ ಆಗುತ್ತವೆ. ಕಾರಿನ ಅಡಿ ದಾರಿಗೆ ತಾಗುತ್ತದೆ ಎಂದಾದರೆ ನೆಲವನ್ನು ಎತ್ತರಿಸಬೇಕಾಗುತ್ತದೆ.

ಆಗಿನಿಂದ ನನ್ನ ಗಂಡನಿಗೆ ನಿದ್ದೆ ಸರಿ ಬರಲಿಲ್ಲ. ಬಂಟ್ವಾಳದ ಪೇಟೆಯಲ್ಲಿ, ವಿಟ್ಲದ ಕಡೆಯ ಡಾಮರು ರಸ್ತೆಗಳಲ್ಲಿ ಕಂಪನಿಯವರ ಪರವಾನಗಿಯಲ್ಲಿ ಓಡಿಸಿ ನೋಡಿದ್ದರು. ತೊಂದರೆ ಇರಲಿಲ್ಲ. ಆದರೆ ಕೊನೆಯ ಪರೀಕ್ಷೆ ಗುಡ್ಡದ ಮಣ್ಣಿನ ದಾರಿಯಲ್ಲಿ ಆಗಬೇಕು ಎಂದು ಕಂಪನಿಯವರು ಬರೆದರು. ಯಾವ ದಾರಿ ಎಂದು ಆರಿಸುವುದು ಇವರಿಗೇ ಬಿಟ್ಟದ್ದು. ಇವರು ನೆಟ್ಟಗೆ ನಮ್ಮ ಮಾವನ ಮನೆಗೆ ಹೋಗುವ ದಾರಿಯನ್ನೇ ಹೇಳಿದರು. ಅವಳು ಓಡಿಸಬೇಕಾದ ದಾರಿ ಅದೇ ತಾನೇ. "ತಾಗಿದರೆ?" ಎಂದು ಕೇಳಿದೆ. "ನೋಡುವ" ಎಂದರು. ಈ 'ನೋಡುವ' ಎಂಬ ಮಾತು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನರ ಹೊಟ್ಟೆಗೆ ಬೆಂಕಿ ಹಾಕಿದೆಯೋ.

ಆ ದಾರಿ ಹೇಗಿದೆ ಎಂದು ಹೇಳಬೇಕು. ಡಾಮರು ರಸ್ತೆ ಬಿಟ್ಟ ಮೇಲೆ ಕೆಂಪು ಮಣ್ಣಿನ ಏರು. ಎರಡು ಬದಿಗೆ ಮನೆಗಳು. ಮಳೆಗಾಲದ ನೀರು ದಾರಿಯನ್ನೇ ಕೊಚ್ಚಿಕೊಂಡು ಹೋಗಬಾರದೆಂದು ಪ್ರತಿ ಮನೆಯವರೂ ತಮ್ಮ ಗೇಟಿನ ಎದುರು ಅಡ್ಡಕ್ಕೆ ಒಂದು ಮಣ್ಣಿನ ದಿಣ್ಣೆ ಹಾಕಿ, ಪಕ್ಕದಲ್ಲಿ ಕಣಿ ತೋಡಿ ನೀರನ್ನು ಬದಿಗೆ ತಿರುಗಿಸುತ್ತಾರೆ. ಜೀಪಿಗೆ, ಆಟೋಗೆ, ಬೈಕಿಗೆ ಅದೇನೂ ಲೆಕ್ಕವಲ್ಲ. ತಗ್ಗಿನ ಕಾರು ಬಂದರೆ ಮಾತ್ರ ದಿಣ್ಣೆಯ ಮೇಲೆ ಹೊಟ್ಟೆ ಉಜ್ಜುತ್ತದೆ.

ಪರೀಕ್ಷೆಗೆ ಕಂಪನಿಯ ಇಂಜಿನಿಯರ್ ಬರುತ್ತಾರೆ ಎಂದು ನಾನು ಫೋನಿನಲ್ಲಿ ಅತ್ತೆಗೆ ಹೇಳಿದೆ. ಊಟಕ್ಕೆ ಏನಾದರೂ ಮಾಡಲಿ ಎಂಬುದಷ್ಟೇ ನನ್ನ ಉದ್ದೇಶ. ಅತ್ತೆ ಮಾವನಿಗೆ ಹೇಳಿದರು. ಮಾವ ಇಡೀ ದಾರಿಗೆ ಹೇಳಿದರು. ಪರೀಕ್ಷೆಯ ಹಿಂದಿನ ದಿನ ನಾನು ಬಸ್ಸಿಳಿದು ಏರು ಹತ್ತುವಾಗ ನೋಡುತ್ತೇನೆ, ದಾರಿ ತುಂಬ ಜನ. ಗಂಡಸರು ಹಾರೆ ಪಿಕ್ಕಾಸು ಹಿಡಿದು ದಿಣ್ಣೆಗಳನ್ನು ಕಡಿಯುತ್ತಿದ್ದಾರೆ, ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತು ಕಣಿ ತುಂಬುತ್ತಿದ್ದಾರೆ. ಯಾರೋ ನೀರು ಚಿಮುಕಿಸುತ್ತಿದ್ದಾರೆ, ಯಾರೋ ಮರದ ದಿಮ್ಮಿಯಲ್ಲಿ ಗುದ್ದಿ ಗಟ್ಟಿ ಮಾಡುತ್ತಿದ್ದಾರೆ. ವರ್ಷಕ್ಕೊಮ್ಮೆ ದೈವದ ಭಂಡಾರವನ್ನು, ಅದರ ಒಡವೆ ಆಯುಧಗಳನ್ನು, ಆ ದಾರಿಯಲ್ಲಿ ಮೆರವಣಿಗೆಯಲ್ಲಿ ತರುವಾಗ ಹೀಗೆ ಎಲ್ಲರೂ ಸೇರಿ ದಾರಿ ಸರಿ ಮಾಡುವುದುಂಟು. ಕರೆಯದೆ ಬರುತ್ತಾರೆ. ಬರದವರನ್ನು ಯಾರೂ ಕೇಳುವುದಿಲ್ಲ, ಆದರೆ ಬರದವರು ಇರುವುದಿಲ್ಲ. ಈಗ ನಮ್ಮ ಹುಡುಗಿಯ ಕಾರು ಬರುತ್ತದೆ ಎಂದು ಅದೇ ಹುರುಪಿನಲ್ಲಿ ಇಳಿದಿದ್ದರು.

ನನಗೆ ಕೂಡಲೇ ಅರ್ಥವಾಯಿತು. ಕೆಟ್ಟ ದಾರಿಯಲ್ಲಿ ಕಾರು ಓಡುತ್ತದೆಯೋ ನೋಡಲು ಬರುವವರಿಗೆ ಇವರು ಒಳ್ಳೆಯ ದಾರಿ ಮಾಡಿ ಇಡುತ್ತಿದ್ದಾರೆ. ಯಾರ ಮನಸ್ಸಿನಲ್ಲೂ ಮೋಸವಿರಲಿಲ್ಲ. ನೆಂಟರು ಬರುವಾಗ ಅಂಗಳ ಗುಡಿಸುವುದು ಮೋಸವೇ? ನಾನು ಬೇಡ ಎನ್ನಬಹುದಿತ್ತು. ಸೀರೆ ಎತ್ತಿ ಸಿಕ್ಕಿಸಿಕೊಂಡು ನಾನೂ ಬುಟ್ಟಿ ಹಿಡಿದೆ. ಇದನ್ನು ತಪ್ಪೊಪ್ಪಿಗೆ ಎಂದು ಯಾರೂ ಓದಬೇಡಿ. ಅದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ನನ್ನ ತಂಗಿ ತಾನೇ ಕೆಲಸಕ್ಕೆ ಹೋಗುವುದಾದರೆ ನಾನು ಆ ಗುಡ್ಡವನ್ನೇ ಬೇಕಾದರೂ ಸಮತಟ್ಟು ಮಾಡುತ್ತಿದ್ದೆ.

ತಂಗಿ ಜಗಲಿಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾ ಗೇಟಿನ ಕಡೆ ನೋಡುತ್ತಿದ್ದಳು.

"ಇದೆಲ್ಲ ಎಂತಕ್ಕೆ ಮಾವ?" ಎಂದು ಕೇಳಿದಳು.

"ನಿನ್ನ ಕಾರಿಗೆ ಮಗಾ. ಸರಾಗ ಬರ್ಲಿ" ಎಂದರು ಮಾವ, ಹಣೆಯ ಬೆವರು ಒರೆಸಿಕೊಳ್ಳುತ್ತಾ.

ಅವಳು ತಿರುಗಿ ಮಕ್ಕಳ ಪುಸ್ತಕದ ಮೇಲೆ ಬಗ್ಗಿದಳು. ಅದನ್ನು ನಾನು ಸಂತೋಷ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಕಂಪನಿಯ ಇಂಜಿನಿಯರ್ ಬಂದಳು. ಬೆಳಗಾವಿ ಕಡೆಯ ಹೆಣ್ಣುಮಗಳು, ಪುಣೆಯಲ್ಲಿ ಕೆಲಸ. ಬೂಟು ಬಿಚ್ಚಿಟ್ಟು ಜಗಲಿಗೆ ಬಂದು ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದು ನೋಡಿ ನನಗೆ ಹಿಡಿಸಿತು. ನನ್ನ ಗಂಡ ಶೆಡ್ಡಿನಿಂದ ಲಾರಿಯಲ್ಲಿ ಕಾರು ತಂದರು. ಏರಿನ ಬುಡದಲ್ಲಿ ಇಳಿದು ದಾರಿ ನೋಡಿದವರೇ ನಿಂತುಬಿಟ್ಟರು. ಆಮೇಲೆ ನನ್ನ ಕಡೆ ನೋಡಿದರು. ನಾನು ತೆಂಗಿನ ಮರದ ಗೊನೆ ನೋಡುತ್ತಿದ್ದೆ. ಅವರು ಕಾರು ಇಳಿಸಲು ಲಾರಿಯ ಕಡೆಗೆ ತಿರುಗಿದರು. ಅಷ್ಟು ವರ್ಷ ಗೇರು ಎಣ್ಣೆಯ ವಾಸನೆಯಲ್ಲಿ ಕಳೆದ ಮನುಷ್ಯ ಆ ಗಳಿಗೆಯಲ್ಲಿ ಸುಮ್ಮನಿದ್ದುದಕ್ಕೆ ನಾನು ಅವರನ್ನು ದೂರುವುದಿಲ್ಲ.

ಮೊದಲು ಆ ಇಂಜಿನಿಯರ್ ಹುಡುಗಿ ಒಂದು ತಾತ್ಕಾಲಿಕ ಸೀಟು ಕೂರಿಸಿಕೊಂಡು ಮೇಲಕ್ಕೂ ಕೆಳಕ್ಕೂ ಓಡಿಸಿದಳು. ಆಮೇಲೆ ತಂಗಿ ತನ್ನ ಕುರ್ಚಿಯಲ್ಲಿ ಹತ್ತಿ ಓಡಿಸಿದಳು. ದಾರಿಯ ಎರಡೂ ಕಡೆ ಜನ ನಿಂತಿದ್ದರು. ಕಾರು ಎಲ್ಲೂ ತಡೆಯಲಿಲ್ಲ. ಹುಡುಗಿ ಕೆಳಗೆ ಬಗ್ಗಿ ಟಾರ್ಚ್ ಹಾಕಿ ಬ್ಯಾಟರಿಯ ತಟ್ಟೆ ನೋಡಿದಳು. ಒಂದು ಗೀರು ಕೂಡ ಇರಲಿಲ್ಲ.

"ಎಲ್ಲೂ ತಾಗಿಲ್ಲರಿ ಸರ್. ನಾ ಇಷ್ಟು ಚಂದ ಹೋಗ್ತೈತಿ ಅಂತ ಅನ್ಕೊಂಡಿರ್ಲಿಲ್ಲ. ನೆಲ ಹಿಂಗೇ ಇಟ್ಕೋಬಹುದು ಅಂತ ರಿಪೋರ್ಟ್ ಬರೀತೀನಿ" ಎಂದಳು.

ಮಾವ ಕೈ ಮೇಲೆತ್ತಿ ಮುಗಿದರು. ಅತ್ತೆ ಚಹಾ, ಗೋಳಿಬಜೆ ತಂದರು. ನನ್ನ ಗಂಡ ತಟ್ಟೆ ಹಿಡಿದುಕೊಂಡು ತಿನ್ನದೆ ಕೂತಿದ್ದರು. ಎಲ್ಲ ಮುಗಿಯಿತು ಎಂದು ನಾನು ಉಸಿರು ಬಿಟ್ಟೆ. ಆಗ ತಂಗಿ ತನ್ನ ನಿಧಾನದ ಕನ್ನಡದಲ್ಲಿ, ಮಕ್ಕಳಿಗೆ ಲೆಕ್ಕ ಬಿಡಿಸಿ ಹೇಳುವ ಧಾಟಿಯಲ್ಲೇ ಹೇಳಿದಳು.

"ಮೇಡಂ, ಇದು ನಮ್ಮ ದಾರಿ ಅಲ್ಲ. ನಿನ್ನೆ ನಿಮಗೆ ಅಂತ ಮಾಡಿದ್ದು. ಮಳೆ ಸುರುವಾದ ಮೇಲೆ ಒಮ್ಮೆ ಬಂದು ನೋಡಿ."

ಹುಡುಗಿಗೆ ಅರ್ಥವಾಗಲಿಲ್ಲ. "ಯಾವಾಗ್ಲೂ ಹಿಂಗ ಇರೂದಿಲ್ಲೇನ್ರಿ?"

"ಇಲ್ಲ. ಪ್ರತಿ ಮನೆ ಎದುರು ಒಂದು ದಿಣ್ಣೆ ಉಂಟು. ನಿನ್ನೆ ತೆಗೆದದ್ದು. ಇದ್ದಿದ್ರೆ ಅಡಿ ತಾಗ್ತಿತ್ತು."

ಮಾವ ಚಹಾದ ಲೋಟ ಕೆಳಗಿಟ್ಟು ಎದ್ದು ತೋಟದ ಕಡೆ ನಡೆದರು. ಗೇಟಿನ ಹೊರಗೆ ನಿಂತಿದ್ದ ನೆರೆಯವರು ಒಬ್ಬೊಬ್ಬರಾಗಿ ಕರಗಿದರು. ಹುಡುಗಿ ನನ್ನ ಗಂಡನ ಮುಖ ನೋಡಿದಳು. ಅವರು ತಲೆ ಎತ್ತದೆ, "ಅವಳು ಹೇಳಿದ್ದು ಹೌದು" ಎಂದರು.

ಹುಡುಗಿ ಹೊರಟು ಹೋದ ಮೇಲೆ ನಾನು ತಂಗಿಯ ಕೋಣೆಗೆ ಹೋಗಿ ಬಾಗಿಲು ಹಾಕಿದೆ.

"ನಿನ್ನನ್ನು ಯಾರು ಕೇಳಿದ್ದು?" ಎಂದೆ. "ಊರಿಡೀ ಮಣ್ಣು ಹೊತ್ತದ್ದು ಯಾರಿಗೆ? ನಿನ್ನ ಭಾವ ಇಷ್ಟು ವರ್ಷ ಸತ್ತದ್ದು ಯಾರಿಗೆ? ದಿಣ್ಣೆ ಬೇಡ ಅಂತ ಎಲ್ರಿಗೂ ಹೇಳಿದ್ರೆ ಮುಗೀತಿತ್ತು!"

"ನಮ್ಮ ದಾರಿಯದ್ದು ಹೇಳಬಹುದು ಅಕ್ಕ. ಕಾರು ತೆಗೊಳ್ಳುವವರೆಲ್ಲರ ದಾರಿಯದ್ದು ಯಾರು ಹೇಳುವುದು? ಆ ಬ್ಯಾಟರಿ ತಟ್ಟೆ ನೀನು ನೋಡಿದ್ದೀಯಾ? ಕಲ್ಲು ತಾಗಿ ಒಡೆದು ಬೆಂಕಿ ಹತ್ತಿದ್ರೆ? ಸೀಟಲ್ಲಿ ಕೂತವರು ಬಾಗಿಲು ತೆಗೆದು ಓಡ್ತಾರೆ. ನನ್ನ ಹಾಗಿರುವವರು ಕೊಕ್ಕೆ ಹಾಕಿಕೊಂಡು ಅದ್ರ ಮೇಲೆಯೇ ಕೂತಿರಬೇಕು."

ಉತ್ತರ ಸರಿಯಾಗಿಯೇ ಇತ್ತು. ಸರಿಯಾದ ಉತ್ತರ ಕೇಳಿದರೆ ನನ್ನ ಸಿಟ್ಟು ಇನ್ನೂ ಏರುತ್ತದೆ. "ನೀನು ದೊಡ್ಡ ಹರಿಶ್ಚಂದ್ರ" ಎಂದು ಹೇಳಿ ಹೊರಗೆ ಬಂದೆ. ಆ ದಿನ ಅವಳ ಜೊತೆ ಮತ್ತೆ ಮಾತಾಡಲಿಲ್ಲ. ಕಾರನ್ನು ಲಾರಿಯಲ್ಲಿ ಕಳಿಸಿ ನಾವಿಬ್ಬರೂ ಬಸ್ಸಿನಲ್ಲಿ ಮೂಡುಬಿದಿರೆಯ ನಮ್ಮ ಮನೆ ತಲುಪುವ ತನಕ ಗಂಡನ ಜೊತೆಯೂ ಮಾತಾಡಲಿಲ್ಲ.

ಮಳೆ ಬಂತು. ದಿಣ್ಣೆಗಳು ತಿರುಗಿ ಬಂದವು. ತಂಗಿ ಹೇಳಿದ್ದಂತೆ ಇಂಜಿನಿಯರ್ ಹುಡುಗಿಯೂ ತಿರುಗಿ ಬಂದಳು. ಕಾರು ಮೊದಲ ದಿಣ್ಣೆಯನ್ನು ಹೇಗೋ ದಾಟಿತು, ಎರಡನೆಯದರ ಮೇಲೆ ಕೆರೆದುಕೊಂಡು ನಿಂತಿತು. ಬ್ಯಾಟರಿಯ ತಟ್ಟೆಗೆ ಕಲ್ಲು ಹೊಡೆದು ತಗ್ಗು ಬಿದ್ದಿತ್ತು. ಹುಡುಗಿ ಕೊಡೆ ಹಿಡಿದುಕೊಂಡು ತಂಗಿಯ ಹತ್ತಿರ ಬಂದು, "ನೀವು ಹೇಳದೇ ಇದ್ದಿದ್ರ ನಾ ಸಹಿ ಹಾಕಿಬಿಡ್ತಿದ್ದೆ ಅಕ್ಕಾರ" ಎಂದಳು. ಅವಳ ಕಣ್ಣಲ್ಲಿ ನೀರಿತ್ತೋ ಮಳೆಯ ಹನಿಯೋ ಗೊತ್ತಾಗಲಿಲ್ಲ.

ಕಂಪನಿಯವರು ಕಾರಿನ ನೆಲ ಎತ್ತರಿಸಿದರು. ನೆಲ ಎತ್ತರವಾದ ಮೇಲೆ ಹಿಂದಿನ ಹಲಗೆ ಏಣಿ ನಿಲ್ಲಿಸಿದಂತೆ ಕಡಿದಾಯಿತು, ಗಾಲಿಕುರ್ಚಿ ಹತ್ತುವುದು ಹೋಗಲಿ, ಹಿಂದಕ್ಕೆ ಮಗುಚುತ್ತಿತ್ತು. ನನ್ನ ಗಂಡ ಶೆಡ್ಡಿನಲ್ಲಿ ಏನೇನೋ ಮಾಡಿ ನೋಡಿದರು. ಬ್ಯಾಟರಿಯನ್ನು ಹಿಂದಕ್ಕೆ ಸರಿಸಿದರೆ ಏರಿನಲ್ಲಿ ಕಾರಿನ ಮೂತಿ ಹಗುರಾಗಿ ಹ್ಯಾಂಡಲ್ ಮಾತು ಕೇಳುತ್ತಿರಲಿಲ್ಲ. ಬದಿಗಳಿಗೆ ಹಂಚಿದರೆ ಕುರ್ಚಿ ಹೋಗುವಷ್ಟು ಅಗಲ ಉಳಿಯುತ್ತಿರಲಿಲ್ಲ. ಹಲಗೆಯನ್ನು ಮಡಚಿ ಉದ್ದ ಮಾಡಿದರೆ ನಮ್ಮ ಓಣಿಯಲ್ಲಿ ಅದನ್ನು ಬಿಚ್ಚಲು ಜಾಗ ಸಾಲುತ್ತಿರಲಿಲ್ಲ. ಸೀಟಿಲ್ಲದ ಕಾರು 'ಮುಂದಿನ ಹಂತದಲ್ಲಿ' ಎಂದು ಪುಣೆಯಿಂದ ಬರೆದರು. ನಾನು ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡಿದವಳು. ಮುಂದಿನ ಹಂತ ಎಂದರೆ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲಿನ ಕಾರನ್ನಾದರೂ ನಮಗೆ ಬಿಟ್ಟಿದ್ದರೆ ಅಂಗಳದಲ್ಲಿ ಸುತ್ತಲಿಕ್ಕಾದರೂ ಆಗುತ್ತಿತ್ತು. ಒಪ್ಪಂದದ ಪ್ರಕಾರ ಅದು ಅವರದ್ದು. ಗೋಡೆಗೆ ಗುದ್ದಿಸಿ ನೋಡುವ ಪರೀಕ್ಷೆಗೆಂದು ತೆಗೆದುಕೊಂಡು ಹೋದರು. ಆ ಹುಡುಗಿ ವಿಡಿಯೊ ಕಳಿಸಿದಳು. ನನ್ನ ಗಂಡ ಒಬ್ಬರೇ ನೋಡಿದರು. ತಂಗಿ ತನಗೂ ತೋರಿಸಲೇಬೇಕೆಂದು ಹಟ ಹಿಡಿದಳು. ಕಾರಿನ ಮುಂಭಾಗ ಅಪ್ಪಚ್ಚಿಯಾಗುವುದನ್ನು, ಒಳಗೆ ಕುರ್ಚಿಯಲ್ಲಿ ಕೂರಿಸಿದ್ದ ಗೊಂಬೆಯ ತಲೆ ಮುಂದಕ್ಕೆ ಹೋಗಿ ಹಿಂದಕ್ಕೆ ಬರುವುದನ್ನು ಕಣ್ಣು ಮಿಟುಕಿಸದೆ ನೋಡಿ, "ಕೊಕ್ಕೆ ಬಿಟ್ಟಿತಾ ಭಾವ?" ಎಂದು ಕೇಳಿದಳು.

"ಇಲ್ಲ. ಕೊಕ್ಕೆ ಬಿಡ್ಲಿಲ್ಲ" ಎಂದು ಹೇಳುವಾಗ ಅವರ ದನಿ ಒಡೆಯಿತು. ಮದುವೆಯಾದಾಗಿನಿಂದ ನಾನು ಅವರು ಅತ್ತದ್ದು ನೋಡಿರಲಿಲ್ಲ.

ಉಜಿರೆಯ ಕಾಲೇಜಿನವರು ತಾತ್ಕಾಲಿಕವಾಗಿ ಹೇಗೋ ಪಾಠ ನಡೆಸಿಕೊಂಡು ತಮ್ಮಿಂದ ಆದಷ್ಟು ಕಾದರು. ಆಮೇಲೆ ಇನ್ನೊಬ್ಬರನ್ನು ತೆಗೆದುಕೊಂಡರು. ಪರೀಕ್ಷೆ ಬರೆಯಬೇಕಾದ ಮಕ್ಕಳನ್ನು ಎಷ್ಟು ದಿನ ಕಾಯಂ ಟೀಚರಿಲ್ಲದೆ ಇಡುವುದು? ತಿಳಿಸಲು ಪ್ರಿನ್ಸಿಪಾಲರೇ ಮನೆಗೆ ಬಂದಿದ್ದರಂತೆ. ತಂಗಿ ಅವರಿಗೆ ಚಹಾ ಕೊಡಿಸಿ, ಹೊಸಬರಿಗೆ ಉಪಯೋಗವಾಗಲಿ ಎಂದು ತನ್ನ ಪಾಠದ ಕಾಗದಗಳನ್ನು ಕೊಟ್ಟು ಕಳಿಸಿದಳು. ಕಾರಿನ ಪರೀಕ್ಷೆಯ ದಿನದಿಂದ ಅವಳ ಜೊತೆ ಮಾತು ಬಿಟ್ಟಿದ್ದ ಮಾವ ಆಗ ಪುನಃ ಮಾತಾಡಿದರು. ಎಷ್ಟೆಂದರೂ ಸಾಕಿದ ಮಗು.

ಕಳೆದ ವರ್ಷ ಸೀಟಿರುವ, ಎಲ್ಲರ ಕಾರು ಅಂಗಡಿಗೆ ಬಂತು. ಚೆನ್ನಾಗಿಯೇ ಉಂಟು. ಸಣ್ಣದು, ಗಟ್ಟಿ, ಓಣಿಯಲ್ಲಿ ತಿರುಗುತ್ತದೆ. ಬಿ.ಸಿ.ರೋಡಿನ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವಾಗ ಎಷ್ಟೋ ಸಲ ನನ್ನ ಎದುರೇ ಹಾದುಹೋಗುತ್ತದೆ. ಒಮ್ಮೆ ಪಕ್ಕದಲ್ಲಿ ನಿಂತ ಇಬ್ಬರು, "ಒಳ್ಳೆ ಗಾಡಿ ಮಾರಾಯ. ಯಾವ ಗುಡ್ಡೆಗೆ ಕೊಂಡುಹೋದ್ರೂ ಅಡಿ ತಾಗುವುದಿಲ್ಲ" ಎಂದು ಹೊಗಳುತ್ತಿದ್ದರು. ಅದು ಯಾಕೆ ತಾಗುವುದಿಲ್ಲ ಎಂದು ಅವರಿಬ್ಬರನ್ನೂ ನಿಲ್ಲಿಸಿ ಹೇಳಬೇಕೆನ್ನಿಸಿತು. ಬಸ್ಸು ಬಂತು, ಹತ್ತಿದೆ.

ಕಂಪನಿಯವರು ನನ್ನ ಗಂಡನಿಗೆ ಒಂದು ಕಾರು ಕೊಟ್ಟರು. ಅವರು ಅದನ್ನು ಮನೆಯ ಬದಿಗೆ ನಿಲ್ಲಿಸಿ ಟಾರ್ಪಾಲು ಹೊದೆಸಿಬಿಟ್ಟಿದ್ದರು. ತಂಗಿಯೇ ಫೋನ್ ಮಾಡಿ, "ತನ್ನಿ ಭಾವ. ನಾನು ನೋಡ್ಬೇಕು" ಎಂದಳು. ಒಂದು ಭಾನುವಾರ ಹೋದೆವು. ದಿಣ್ಣೆಗಳ ಮೇಲೆ ಕಾರು ಹಾಯಾಗಿ ಹತ್ತಿ ಇಳಿಯಿತು. ಅವಳು ಅಂಗಳಕ್ಕೆ ಕುರ್ಚಿ ತಂದು ಸುತ್ತ ನೋಡಿದಳು, ಚಾಲಕನ ಸೀಟಿನ ಮೇಲೆ ಕೈಯಾಡಿಸಿದಳು. ಆಮೇಲೆ, "ಅಕ್ಕ, ನನ್ನನ್ನು ಎತ್ತಿ ಕೂರಿಸು. ಉಜಿರೆ ತನಕ ಹೋಗುವ" ಎಂದಳು.

ಅವಳು ತಾನಾಗಿ 'ಎತ್ತು' ಎಂದದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ನಾನು ಕಂಕುಳಿಗೆ ಕೈ ಹಾಕಿದೆ, ನನ್ನ ಗಂಡ ಕಾಲು ಹಿಡಿದರು. ನಮಗಿಬ್ಬರಿಗೂ ವಯಸ್ಸಾಗಿದೆ. ಚಾಲಕನ ಪಕ್ಕದ ಸೀಟಿಗೆ ಎತ್ತುವಾಗ ಬಾಗಿಲಿನ ಚೌಕಟ್ಟಿಗೆ ಅವಳ ಮೊಣಕಾಲು ಬಡಿಯಿತು. ಅವಳಿಗೆ ನೋವು ಗೊತ್ತಾಗುವುದಿಲ್ಲ, ನನಗೆ ಗೊತ್ತಾಯಿತು. ಗಾಲಿಕುರ್ಚಿಗೆ ಕಾರಿನಲ್ಲಿ ಜಾಗವಿರಲಿಲ್ಲ, ಅಂಗಳದಲ್ಲೇ ಬಿಟ್ಟೆವು.

ಉಜಿರೆಯಲ್ಲಿ ಕಾಲೇಜಿನ ಗೇಟಿನ ಎದುರು ನಿಲ್ಲಿಸಲು ಹೇಳಿದಳು. ಭಾನುವಾರವಾದರೂ ಹಾಸ್ಟೆಲಿನ ಮಕ್ಕಳು ಓಡಾಡುತ್ತಿದ್ದರು. ಗಾಜು ಇಳಿಸಿ ಕ್ಲಾಸುಗಳ ಕಿಟಕಿಗಳನ್ನು ತುಂಬ ಹೊತ್ತು ನೋಡಿದಳು. ಅವಳು ಪಾಠ ಮಾಡುತ್ತಿದ್ದ ಕ್ಲಾಸು ಯಾವುದೆಂದು ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. "ಇಳಿಯುವುದಾ?" ಎಂದು ನನ್ನ ಗಂಡ ಕೇಳಿದರು. ಕೇಳಿದ ಮೇಲೆ ಕುರ್ಚಿ ತಂದಿಲ್ಲ ಎಂಬುದು ಅವರಿಗೆ ನೆನಪಾಗಿ ಮುಖ ಕಪ್ಪಿಟ್ಟಿತು.

"ಬೇಡ ಭಾವ. ನೋಡಿ ಆಯಿತು. ಹೋಗುವ" ಎಂದಳು.

ತಿರುಗಿ ಬರುವಾಗ ನಾನು ಹಿಂದಿನ ಸೀಟಿನಲ್ಲಿದ್ದೆ. ಅವಳ ಮುಖ ಕಾಣುತ್ತಿರಲಿಲ್ಲ, ಜಡೆ ಮಾತ್ರ ಕಾಣುತ್ತಿತ್ತು. ಇಷ್ಟು ದಿನ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ.

"ಅವತ್ತು ಸುಮ್ಮನಿರಬಹುದಿತ್ತು ಅಂತ ನಿನಗೆ ಯಾವತ್ತಾದ್ರೂ ಅನ್ನಿಸಿದ್ದುಂಟಾ?"

ಇಲ್ಲ ಎನ್ನುತ್ತಾಳೆ ಎಂದು ನನಗೆ ಖಾತ್ರಿಯಿತ್ತು. ಬೆಂಕಿಯ ಮಾತು, ಊರವರ ಮಾತು ಹೇಳುತ್ತಾಳೆ, ನಾನು ಇನ್ನೊಮ್ಮೆ ಹರಿಶ್ಚಂದ್ರ ಎಂದು ರೇಗುತ್ತೇನೆ, ಅಲ್ಲಿಗೆ ಮುಗಿಯುತ್ತದೆ.

"ದಿನಾ ಅನ್ನಿಸ್ತದೆ ಅಕ್ಕ" ಎಂದಳು. "ಬೆಳಿಗ್ಗೆ ಕಾಲೇಜು ಬಸ್ಸು ಹಾರ್ನ್ ಹಾಕ್ತದಲ್ಲ, ಆಗ."

ನನ್ನ ಗಂಡ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ನಾನು ಮುಂದಕ್ಕೆ ಬಗ್ಗಿ ಅವಳ ಹೆಗಲ ಮೇಲೆ, ನೋವಿಲ್ಲದ ಎಡಗಡೆಯ ಹೆಗಲ ಮೇಲೆ ಕೈಯಿಟ್ಟೆ. ಅಷ್ಟು ವರ್ಷ ಅವಳ ಮೇಲೆ ಇಟ್ಟುಕೊಂಡಿದ್ದ ಸಿಟ್ಟಿಗೆ ಎಲ್ಲೂ ಜಾಗ ಉಳಿದಿರಲಿಲ್ಲ. ಮನೆ ಬಂದ ಮೇಲೆ ಅವಳನ್ನು ಇಳಿಸಬೇಕಾಗಿತ್ತು. ಮಾವನೂ ಬಂದು ಕೈಕೊಟ್ಟರು. ಅವಳು ಕಣ್ಣು ಮುಚ್ಚಿಕೊಂಡು ಎರಡೂ ಕೈಗಳನ್ನು ನಮ್ಮ ಹೆಗಲ ಮೇಲೆ ಹಾಕಿದಳು.